ಬಾಲಾಪರಾಧಿಗೆ ಮರಣದಂಡನೆ: ರೋಪರ್ ತೀರ್ಪಿನ ಒಂದು ದೈವಶಾಸ್ತ್ರೀಯ ವಿಮರ್ಶೆ

ನ್ಯಾಯಾಲಯದ ತೀರ್ಪೊಂದನ್ನು ದೈವಶಾಸ್ತ್ರದ ವಿದ್ಯಾರ್ಥಿಗಳೂ ಸಭಾಪಾಲಕರೂ ಏಕೆ ಓದಬೇಕು ಎಂಬ ಪ್ರಶ್ನೆ ಸಹಜವಾದುದು. ದಂಡನೆಯನ್ನು ಕುರಿತ ಪ್ರತಿಯೊಂದು ತೀರ್ಪಿನಲ್ಲಿಯೂ ಮನುಷ್ಯನನ್ನು ಕುರಿತ ಒಂದು ತಿಳಿವಳಿಕೆ ಅಡಗಿರುತ್ತದೆ. ಅವನು ತನ್ನ ಕೃತ್ಯಕ್ಕೆ ಎಷ್ಟರ ಮಟ್ಟಿಗೆ ಹೊಣೆಗಾರನು? ಅವನಲ್ಲಿರುವ ಕೇಡು ಎಷ್ಟು ಆಳವಾದುದು? ಅವನು ಬದಲಾಗಬಲ್ಲನೇ? ನಾವು ಪಾಪಸಿದ್ಧಾಂತ, ರಕ್ಷಣಾಸಿದ್ಧಾಂತ ಎಂಬ ಶೀರ್ಷಿಕೆಗಳ ಅಡಿಯಲ್ಲಿ ಕಲಿಯುವ ಪ್ರಶ್ನೆಗಳನ್ನೇ ನ್ಯಾಯಾಧೀಶನು ತನ್ನ ಎದುರಿಗೆ ನಿಂತಿರುವ ಒಬ್ಬ ವ್ಯಕ್ತಿಯ ವಿಷಯದಲ್ಲಿ, ಒಂದು ದಿನದೊಳಗೆ, ತೀರ್ಮಾನಿಸಬೇಕಾಗುತ್ತದೆ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2005ರ ಮಾರ್ಚ್ 1ರಂದು ರೋಪರ್ ವಿರುದ್ಧ ಸಿಮ್ಮನ್ಸ್ ಮೊಕದ್ದಮೆಯಲ್ಲಿ ನೀಡಿದ ತೀರ್ಪು ಇಂಥ ಓದಿಗೆ ಅರ್ಹವಾದುದು. ಅಪರಾಧ ನಡೆದಾಗ 18 ವರ್ಷ ತುಂಬದವನಿಗೆ ಮರಣದಂಡನೆ ವಿಧಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಅದು ಸಾರಿತು. ಆ ನಿರ್ಣಯ ಸರಿಯಾದುದೆಂಬುದೇ ಈ ಲೇಖನದ ನಿಲುವು. ಆದರೆ ನಿರ್ಣಯವನ್ನು ಹೊತ್ತಿರುವ ಕಂಬಗಳಲ್ಲಿ ಒಂದು ದುರ್ಬಲವಾದುದು, ಇನ್ನೊಂದು ಬಲವಾದುದು. ಸಭೆಯು ಸಾಮಾನ್ಯವಾಗಿ ದುರ್ಬಲವಾದುದಕ್ಕೆ ಒರಗಿಕೊಳ್ಳುತ್ತದೆ ಎಂಬುದೇ ಇಲ್ಲಿ ವಿಚಾರಿಸಬೇಕಾದ ವಿಷಯ.

1. ಪ್ರಕರಣವೂ ತೀರ್ಪೂ

ಪ್ರಕರಣದ ಸಂಗತಿಗಳನ್ನು ಮೃದುಗೊಳಿಸಿ ಹೇಳುವುದು ಸತ್ಯಕ್ಕೆ ಸಲ್ಲದು. 1993ರಲ್ಲಿ ಮಿಸ್ಸೂರಿ ರಾಜ್ಯದಲ್ಲಿ 17 ವರ್ಷದ ಹುಡುಗನೊಬ್ಬನು ತಾನು ಕೊಲೆ ಮಾಡಬೇಕೆಂದಿರುವುದಾಗಿ ಗೆಳೆಯರೊಡನೆ ಮೊದಲೇ ಹೇಳಿಕೊಂಡಿದ್ದನು. ತಾವು ಅಪ್ರಾಪ್ತರಾದ್ದರಿಂದ ಶಿಕ್ಷೆಯಿಂದ ಪಾರಾಗಬಹುದೆಂದೂ ಅವರಿಗೆ ಭರವಸೆ ಕೊಟ್ಟಿದ್ದನು. ರಾತ್ರಿ ಒಂದು ಮನೆಗೆ ನುಗ್ಗಿ, ಅಲ್ಲಿದ್ದ ಸ್ತ್ರೀಯನ್ನು ಕಟ್ಟಿ ಒಯ್ದು, ಸೇತುವೆಯಿಂದ ನದಿಗೆ ತಳ್ಳಿ ಕೊಂದನು. ವಿಚಾರಣೆಯಲ್ಲಿ ಸರ್ಕಾರಿ ವಕೀಲನು ಅವನ ಹರೆಯವು ಕರುಣೆಗೆ ಕಾರಣವಾಗಬಾರದು, ಬದಲಾಗಿ ಭಯಕ್ಕೇ ಕಾರಣವಾಗಬೇಕು ಎಂದು ಜ್ಯೂರಿಯ ಮುಂದೆ ವಾದಿಸಿದನು. ಜ್ಯೂರಿ ಮರಣದಂಡನೆಯನ್ನು ಶಿಫಾರಸು ಮಾಡಿತು.

1989ರ ಸ್ಟ್ಯಾನ್‌ಫರ್ಡ್ ತೀರ್ಪಿನಲ್ಲಿ ಇದೇ ಸರ್ವೋಚ್ಚ ನ್ಯಾಯಾಲಯವು 16 ಮತ್ತು 17 ವಯಸ್ಸಿನವರನ್ನು ಕೊಲ್ಲಲು ಅನುಮತಿ ನೀಡಿತ್ತು. 1976ರ ನಂತರ ಆ ದೇಶದಲ್ಲಿ ಬಾಲ್ಯಾವಸ್ಥೆಯ ಅಪರಾಧಗಳಿಗಾಗಿ 22 ಮಂದಿಯನ್ನು ಕೊಲ್ಲಲಾಗಿತ್ತು. 2005ರಲ್ಲಿ ಇನ್ನೂ 70ಕ್ಕೂ ಹೆಚ್ಚು ಮಂದಿ ಸರದಿಯಲ್ಲಿದ್ದರು. ಐದಕ್ಕೆ ನಾಲ್ಕು ಮತಗಳಿಂದ ನ್ಯಾಯಾಲಯವು ತನ್ನ ಹಿಂದಿನ ನಿಲುವನ್ನು ಬದಲಿಸಿತು. ಬಹುಮತದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಆಂಥನಿ ಕೆನಡಿ.

ಮಾನವ ಸ್ವಭಾವವನ್ನು ಕುರಿತು ಅವರ ವಾದದಲ್ಲಿ ಎರಡು ಎಳೆಗಳಿವೆ. ಮೊದಲನೆಯದು ಅಪಕ್ವತೆಯ ವಾದ: ಹರೆಯದವರಲ್ಲಿ ವಿವೇಚನೆ ಬಲಿತಿರುವುದಿಲ್ಲ, ಸಂಗಡಿಗರ ಒತ್ತಡಕ್ಕೂ ಪರಿಸರಕ್ಕೂ ಅವರು ಬೇಗ ಮಣಿಯುತ್ತಾರೆ, ಅವರ ಗುಣಸ್ವಭಾವ ಇನ್ನೂ ರೂಪುಗೊಳ್ಳುತ್ತಿರುತ್ತದೆ; ಆದುದರಿಂದ ಅವರ ಅಪರಾಧದ ಹೊಣೆ ವಯಸ್ಕನ ಹೊಣೆಗಿಂತ ಕಡಿಮೆ. ಎರಡನೆಯದು ಅರಿಯಲಾಗದಿರುವಿಕೆಯ ವಾದ: ಹರೆಯದ ಅಪಕ್ವತೆಯಿಂದ ಘೋರ ಕೃತ್ಯ ಮಾಡಿದವನು ಯಾರು, ತಿದ್ದಲಾಗದಷ್ಟು ಕೆಟ್ಟವನು ಯಾರು ಎಂಬುದನ್ನು ಪರಿಣತ ಮನಶ್ಶಾಸ್ತ್ರಜ್ಞರೂ ಬೇರ್ಪಡಿಸಿ ಹೇಳಲಾರರು. 18 ತುಂಬುವ ಮೊದಲು ಯಾರಿಗೂ ಸಮಾಜವಿರೋಧಿ ವ್ಯಕ್ತಿತ್ವದೋಷವಿದೆಯೆಂದು ನಿರ್ಣಯಿಸಬಾರದೆಂಬ ನಿಯಮ ಮನೋವೈದ್ಯರಿಗಿದೆ ಎಂಬುದನ್ನು ಕೆನಡಿ ನೆನಪಿಸುತ್ತಾರೆ. ವೈದ್ಯನು ಹೇಳಲು ಹಿಂಜರಿಯುವ ಮಾತನ್ನು ಜ್ಯೂರಿ ಹೇಳಬೇಕೆಂದು ಕೇಳುವುದು ಹೇಗೆ ಎಂಬುದು ಅವರ ಪ್ರಶ್ನೆ.

2. ಅಪಕ್ವತೆಯ ವಾದದ ಮಿತಿ

ಸಭೆಯ ವೇದಿಕೆಗಳಿಂದ ಹೆಚ್ಚಾಗಿ ಕೇಳಿಬರುವುದು ಮೊದಲನೆಯ ವಾದವೇ. ಮಕ್ಕಳನ್ನು ತನ್ನ ಬಳಿಗೆ ಬರಗೊಡಬೇಕೆಂದು ಕರ್ತನು ಹೇಳಿದ ಪ್ರಸಂಗವನ್ನು (ಮತ್ತಾಯ 19:14) ಉದ್ಧರಿಸಿ, ಬಾಲಾಪರಾಧಿಯೂ ಮಗುವೇ, ಮಗು ನಿರ್ದೋಷಿ ಎಂದು ಪ್ರಸಂಗಿಸುವುದುಂಟು. ಸ್ತೆಫನನ ಕೊಲೆಗೆ ಸಮ್ಮತಿಸಿದ ಸೌಲನನ್ನೂ (ಅ. ಕೃತ್ಯಗಳು 7:58) ಉದಾಹರಿಸುವುದುಂಟು. ಈ ಎರಡು ಆಧಾರಗಳೂ ನಿಲ್ಲುವುದಿಲ್ಲ. ಕರ್ತನ ಬಳಿಗೆ ತರಲ್ಪಟ್ಟವರು ಚಿಕ್ಕ ಮಕ್ಕಳು. ಅಲ್ಲಿ ಅಪರಾಧದ ಮಾತೇ ಇಲ್ಲ. ಸೌಲನಿಗೆ ಬಳಸಿರುವ ‘ಯೌವನಸ್ಥ’ ಎಂಬುದರ ಮೂಲ ಗ್ರೀಕ್ ಪದವು ನಲವತ್ತರ ಹತ್ತಿರದವನಿಗೂ ಸಲ್ಲುವಂಥದು.

ಸತ್ಯವೇದವು ಹರೆಯವನ್ನು ನಿರ್ದೋಷವೆಂದು ಕಾಣುವುದಿಲ್ಲ. ಮನುಷ್ಯನ ಹೃದಯದ ಕೇಡು ಚಿಕ್ಕಂದಿನಿಂದಲೇ ಇರುವುದೆಂದು ಆದಿಕಾಂಡ 8:21 ಹೇಳುತ್ತದೆ. ತನ್ನ ಯೌವನದ ಪಾಪಗಳನ್ನು ನೆನಸಬೇಡವೆಂದು ಬೇಡುವ ಕೀರ್ತನೆಗಾರನು (25:7) ಅವುಗಳನ್ನು ಪಾಪಗಳೆಂದೇ ಕರೆಯುತ್ತಾನೆ. ಈ ವಿಷಯದಲ್ಲಿ ಸಭಾಪಿತೃ ಆಗಸ್ಟೀನನಷ್ಟು ನಿಷ್ಠುರನು ಮತ್ತೊಬ್ಬನಿಲ್ಲ. ತನ್ನ ಹದಿನಾರನೆಯ ವಯಸ್ಸಿನಲ್ಲಿ ಗೆಳೆಯರೊಡನೆ ನೆರೆಯವರ ಪೇರು ಹಣ್ಣುಗಳನ್ನು ಕದ್ದುದನ್ನು ಆತನು ‘ಅರಿಕೆಗಳು’ ಗ್ರಂಥದ ಎರಡನೆಯ ಪುಸ್ತಕದಲ್ಲಿ ವಿವರಿಸುತ್ತಾನೆ. ಹಸಿವು ಕಾರಣವಲ್ಲ, ಹಣ್ಣಿನ ರುಚಿಯೂ ಕಾರಣವಲ್ಲ. ಕೇಡನ್ನು ಕೇಡಿಗಾಗಿಯೇ ಬಯಸಿದೆನೆಂದು ಆತನು ಒಪ್ಪಿಕೊಳ್ಳುತ್ತಾನೆ. ಒಬ್ಬನೇ ಆಗಿದ್ದರೆ ತಾನು ಹಾಗೆ ಮಾಡುತ್ತಿರಲಿಲ್ಲವೆಂದೂ ಹೇಳುತ್ತಾನೆ. ಸಂಗಡಿಗರ ಒತ್ತಡವನ್ನು ಕೆನಡಿ ಗಮನಿಸುವುದಕ್ಕೆ ಹದಿನಾರು ಶತಮಾನಗಳ ಮೊದಲೇ ಆಗಸ್ಟೀನನು ಗಮನಿಸಿದ್ದನು. ಆದರೆ ಅದನ್ನು ಆತನು ಕ್ಷಮಾಪಣೆಯಾಗಿ ಬಳಸಲಿಲ್ಲ. ಹಣ್ಣಿನ ಕಳವು ಕೊಲೆಯಲ್ಲ, ನಿಜ. ಆದರೂ ಹರೆಯದವನ ಸಂಕಲ್ಪವು ನಿಜವಾದ ಸಂಕಲ್ಪವೇ ಎಂಬ ಆತನ ಸಾಕ್ಷ್ಯವನ್ನು ನಾವು ತಳ್ಳಿಹಾಕಲಾಗದು.

ಭಿನ್ನಮತದ ನ್ಯಾಯಾಧೀಶರು ಕೈಯಿಟ್ಟದ್ದು ಈ ದುರ್ಬಲ ಸ್ಥಳದ ಮೇಲೆಯೇ. ನ್ಯಾಯಮೂರ್ತಿ ಓಕಾನರ್ ಅವರು, ಹದಿನೇಳರ ಕೆಲವರು ವಯಸ್ಕರಷ್ಟೇ ಪಕ್ವರಾಗಿರಬಹುದು, ಒಬ್ಬೊಬ್ಬನನ್ನೂ ಪ್ರತ್ಯೇಕವಾಗಿ ತೂಗಿ ನೋಡಬೇಕು ಎಂದರು. ನ್ಯಾಯಮೂರ್ತಿ ಸ್ಕಾಲಿಯಾ ಅವರು, ಇದೇ ಮನಶ್ಶಾಸ್ತ್ರಜ್ಞರ ಸಂಘವು ಗರ್ಭಪಾತದ ಮೊಕದ್ದಮೆಯೊಂದರಲ್ಲಿ ಹರೆಯದವರು ಸ್ವತಃ ನಿರ್ಧಾರ ಮಾಡುವಷ್ಟು ಪಕ್ವರೆಂದು ವಾದಿಸಿತ್ತು ಎಂದು ತೋರಿಸಿದರು. ಇವಕ್ಕೆ ಬಹುಮತದ ತೀರ್ಪಿನಲ್ಲಿ ಪೂರ್ಣ ಉತ್ತರವಿಲ್ಲ. ಮುಂಚಿತವಾಗಿ ಯೋಚಿಸಿ, ಶಿಕ್ಷೆಯನ್ನೂ ಲೆಕ್ಕಹಾಕಿ ಕೊಂದ ಹುಡುಗನೊಬ್ಬನ ಪ್ರಕರಣದಲ್ಲಿ ಅಪಕ್ವತೆಯೊಂದನ್ನೇ ನಂಬುವ ವಾದವು ಸೋಲುವುದು ಸುಲಭ.

3. ಹಣಜಿಯ ಸಾಮ್ಯ

ಎರಡನೆಯ ವಾದವು ಬೇರೆ ನೆಲದ ಮೇಲೆ ನಿಂತಿದೆ. ಅದು ಹುಡುಗನ ಕುರಿತಾದುದಲ್ಲ, ಅವನನ್ನು ತೀರ್ಪುಮಾಡುವವರ ಕುರಿತಾದುದು. ನಮಗೆ ಆ ಕಣ್ಣು ಇಲ್ಲ ಎಂಬುದು ಅದರ ತಿರುಳು. ಮತ್ತಾಯ 13ರ ಹಣಜಿಯ ಸಾಮ್ಯದ ತಿರುಳೂ ಇದೇ ಆಗಿದೆ. ಹಣಜಿಯು ಎಳೆಯದಾಗಿರುವಾಗ ಗೋದಿಯನ್ನೇ ಹೋಲುವ ಕಳೆ. ಅದನ್ನು ಕೀಳಲು ಹೊರಟ ಆಳುಗಳನ್ನು ಯಜಮಾನನು ತಡೆದದ್ದು ಹಣಜಿ ಒಳ್ಳೆಯದೆಂಬ ಕಾರಣಕ್ಕಾಗಿ ಅಲ್ಲ. ಅದು ವೈರಿ ಬಿತ್ತಿದ್ದೆಂದು ಅವನಿಗೆ ಗೊತ್ತು. ಆಳುಗಳ ಕೈ ಗೋದಿಯನ್ನೂ ಕಿತ್ತೀತೆಂಬುದೇ ಅವನ ಚಿಂತೆ. ಕೇಡು ಕೇಡೇ ಆಗಿದೆ, ಆದರೆ ಅಂತಿಮ ವಿಂಗಡಣೆಯು ಆಳುಗಳ ಕೆಲಸವಲ್ಲ.

ಈ ಸಾಮ್ಯವು ಸಭಾಶಿಸ್ತಿಗೆ ಸಂಬಂಧಿಸಿದ್ದು, ದೇಶದ ದಂಡನೀತಿಗೆ ಸಂಬಂಧಿಸಿದ್ದಲ್ಲ ಎಂಬ ಆಕ್ಷೇಪಣೆ ಬರಬಹುದು. ಕರ್ತನು ಸ್ವತಃ ಕೊಟ್ಟ ವಿವರಣೆಯಲ್ಲಿ (13:38) ಹೊಲವೆಂದರೆ ಸಭೆಯಲ್ಲ, ಲೋಕ. ಕ್ರಿಸೊಸ್ತೊಮನು ಮತ್ತಾಯನ ಸುವಾರ್ತೆಯ ಮೇಲಿನ ತನ್ನ 46ನೆಯ ಪ್ರಸಂಗದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಗೋದಿಗೆ ಅಪಾಯವೆಂದರೆ ನಿರಪರಾಧಿಗಳು ಸಾಯುವ ಅಪಾಯ ಮಾತ್ರವಲ್ಲ. ಈಗ ಹಣಜಿಯಾಗಿರುವವರಲ್ಲಿಯೇ ಮುಂದೆ ಗೋದಿಯಾಗಬಲ್ಲವರಿದ್ದಾರೆ, ಅವರನ್ನು ಕಿತ್ತರೆ ಬರಲಿರುವ ಬೆಳೆಯನ್ನು ಕಳೆದುಕೊಂಡಂತೆ ಎಂಬುದು ಆತನ ಅರ್ಥ. ಕೆಟ್ಟವರನ್ನು ತಡೆಯುವುದನ್ನಾಗಲಿ ಅಂಕೆಯಲ್ಲಿಡುವುದನ್ನಾಗಲಿ ಕರ್ತನು ನಿಷೇಧಿಸಲಿಲ್ಲ, ಕೊಲ್ಲುವುದನ್ನು ನಿಷೇಧಿಸಿದನು ಎಂದೂ ಆತನು ಸ್ಪಷ್ಟಪಡಿಸುತ್ತಾನೆ. ಆತನ ಕಣ್ಣ ಮುಂದೆ ಇದ್ದವರು ಪಾಷಂಡಿಗಳು, ಕೊಲೆಗಾರರಲ್ಲ, ಎಂಬುದನ್ನು ಮರೆಯಬಾರದು. ಆದರೆ ಕೊಲೆಗಾರರ ವಿಷಯದಲ್ಲಿ ಆಗಸ್ಟೀನನು ಅದೇ ಮಾರ್ಗದಲ್ಲಿ ನಡೆದನು. ಐದನೆಯ ಶತಮಾನದ ಆರಂಭದಲ್ಲಿ ತನ್ನ ಸಭೆಯ ಹಿರಿಯನೊಬ್ಬನನ್ನು ಕೊಂದು ಮತ್ತೊಬ್ಬನನ್ನು ಅಂಗಹೀನನನ್ನಾಗಿ ಮಾಡಿದವರು ತಪ್ಪೊಪ್ಪಿಕೊಂಡಾಗ, ಅಧಿಕಾರಿ ಮಾರ್ಸೆಲಿನಸನಿಗೆ ಬರೆದ 133ನೆಯ ಪತ್ರದಲ್ಲಿ ಅವರ ಜೀವವನ್ನು ಉಳಿಸಬೇಕೆಂದು ಬೇಡಿಕೊಂಡನು. ಸತ್ತವನು ತನ್ನ ಸ್ವಂತ ಸಭೆಯ ಹಿರಿಯನು ಎಂಬುದು ಆ ಬೇಡಿಕೆಯನ್ನು ತಡೆಯಲಿಲ್ಲ.

ಕೆನಡಿಯವರ ಎರಡನೆಯ ವಾದವನ್ನು ಈ ಬೆಳಕಿನಲ್ಲಿ ಓದಿದರೆ ಓಕಾನರ್ ಅವರ ಆಕ್ಷೇಪಣೆಗೆ ಉತ್ತರ ಸಿಗುತ್ತದೆ. ಪಕ್ವನಾದ ಹದಿನೇಳರವನು ಇರಬಹುದು. ಅವನನ್ನು ಗುರುತಿಸುವ ಕಣ್ಣು ನಮಗೆ ಇಲ್ಲದಿರುವುದೇ ತೊಡಕು. ಇದು ಕೇವಲ ಊಹೆಯಲ್ಲ. ಇರಾನ್ ದೇಶದ 2013ರ ದಂಡಸಂಹಿತೆಯ 91ನೆಯ ವಿಧಿಯು ಹರೆಯದ ಅಪರಾಧಿಯ ಮಾನಸಿಕ ಬೆಳವಣಿಗೆಯನ್ನು ಪ್ರತ್ಯೇಕವಾಗಿ ತೂಗಿ, ಸಂದೇಹವಿದ್ದರೆ ಮರಣದಂಡನೆಯನ್ನು ಬಿಡಲು ನ್ಯಾಯಾಧೀಶರಿಗೆ ಅವಕಾಶ ಕೊಟ್ಟಿತು. ಅದರ ನಂತರವೂ ಅಲ್ಲಿ ಬಾಲ್ಯದ ಅಪರಾಧಗಳಿಗಾಗಿ ಗಲ್ಲಿಗೇರಿಸುವುದು ನಿಲ್ಲಲಿಲ್ಲ. ಒಬ್ಬೊಬ್ಬನನ್ನೂ ತೂಗುವ ತಕ್ಕಡಿಯು ಕೃತ್ಯದ ಘೋರತೆಯ ಭಾರಕ್ಕೆ ವಾಲುವುದು ಎಲ್ಲ ದೇಶಗಳಲ್ಲಿಯೂ ಸಹಜ.

ವಯಸ್ಸಿನ ಗೆರೆ ಕೃತಕವೆಂಬ ಮಾತಿಗೂ ಸತ್ಯವೇದದಲ್ಲಿ ಉತ್ತರವುಂಟು. ಅರಣ್ಯಕಾಂಡ 14:29ರಲ್ಲಿ ಗುಣುಗುಟ್ಟಿದವರ ಮೇಲೆ ಬಂದ ಮರಣತೀರ್ಪು ಇಪ್ಪತ್ತು ವರ್ಷಕ್ಕೆ ಮೇಲ್ಪಟ್ಟವರಿಗೆ ಮಾತ್ರ ಅನ್ವಯಿಸಿತು. ಹತ್ತೊಂಬತ್ತರವನಿಗೂ ಇಪ್ಪತ್ತರವನಿಗೂ ಹೃದಯದಲ್ಲಿ ಏನು ವ್ಯತ್ಯಾಸವಿತ್ತೆಂದು ವಾಕ್ಯವು ವಿವರಿಸುವುದಿಲ್ಲ. ಗೆರೆಯೊಂದು ಬೇಕಾಗಿತ್ತು, ಅದನ್ನು ಉಳಿಸುವ ಕಡೆಗೆ ಎಳೆಯಲಾಯಿತು.

4. ಮೊಂಡ ಮಗನ ನಿಯಮ

ಹಾಗಿದ್ದರೆ ಧರ್ಮೋಪದೇಶಕಾಂಡ 21:18–21ರ ಗತಿಯೇನು? ತಂದೆತಾಯಿಗಳ ಮಾತು ಕೇಳದ ಮೊಂಡ ಮಗನನ್ನು ಊರಿನವರು ಕಲ್ಲೆಸೆದು ಕೊಲ್ಲಬೇಕೆಂದು ಅಲ್ಲಿ ವಿಧಿಸಲಾಗಿದೆ. 1646ರಲ್ಲಿ ಮ್ಯಾಸಚೂಸೆಟ್ಸ್ ವಸಾಹತಿನ ಪ್ಯೂರಿಟನ್ನರು ಈ ವಾಕ್ಯವನ್ನೇ ತಮ್ಮ ಕಾನೂನಾಗಿ ಬರೆದುಕೊಂಡರು, 16 ವರ್ಷದ ಮಿತಿಯನ್ನೂ ಸೇರಿಸಿದರು. ಅಮೆರಿಕದಲ್ಲಿ ಬಾಲಾಪರಾಧಿಯ ಮರಣದಂಡನೆಗೆ ಸತ್ಯವೇದದ ಹೆಸರು ಹೀಗೆ ಅಂಟಿಕೊಂಡಿತು ಎಂಬುದನ್ನು ನಾವು ಒಪ್ಪಿಕೊಳ್ಳಬೇಕು.

ಆದರೆ ಈ ವಾಕ್ಯವನ್ನು ಮೊದಲಿನಿಂದ ಕಾಪಾಡಿಕೊಂಡು ಬಂದ ಯೆಹೂದ್ಯ ರಬ್ಬಿಗಳು ಅದನ್ನು ಹೇಗೆ ಓದಿದರು? ಮಿಷ್ನಾದ ಸನ್ಹೆಡ್ರಿನ್ ಗ್ರಂಥದ ಎಂಟನೆಯ ಅಧ್ಯಾಯವು ಇಂಥ ಮಗನ ವಯಸ್ಸು, ಅವನು ಕದ್ದ ಮಾಂಸದ ತೂಕ, ಕುಡಿದ ದ್ರಾಕ್ಷಾರಸದ ಅಳತೆ, ತಂದೆತಾಯಿಗಳಿಬ್ಬರ ಒಪ್ಪಿಗೆ ಎಂದು ನಿಬಂಧನೆಗಳನ್ನು ಹೇರುತ್ತಾ ಹೋಗುತ್ತದೆ. ಕೊನೆಗೆ ತಾಲ್ಮುಡಿನಲ್ಲಿ ಒಂದು ಅಭಿಪ್ರಾಯವು, ಅಂಥ ಮಗನು ಎಂದಿಗೂ ಇರಲಿಲ್ಲ, ಇರುವುದೂ ಇಲ್ಲ ಎಂಬ ಮಟ್ಟಕ್ಕೆ ಹೋಗುತ್ತದೆ. ತಾನು ಅಂಥವನ ಸಮಾಧಿಯನ್ನು ಕಂಡಿದ್ದೇನೆಂದು ಹೇಳಿದ ರಬ್ಬಿಯೂ ಇದ್ದನು, ಚರ್ಚೆ ಏಕಪಕ್ಷೀಯವಾಗಿರಲಿಲ್ಲ. ನಮಗೆ ಮುಖ್ಯವಾದುದು ಮಿಷ್ನಾ ಕೊಡುವ ಕಾರಣ: ಆ ಮಗನು ತೀರ್ಪಿಗೆ ಒಳಗಾಗುವುದು ಮಾಡಿದ್ದಕ್ಕಾಗಿ ಅಲ್ಲ, ಮುಂದೆ ಏನಾಗುವನೋ ಅದಕ್ಕಾಗಿ. ಬಾಲಾಪರಾಧಿಯನ್ನು ಕೊಲ್ಲುವ ಪ್ರತಿಯೊಂದು ವಾದದಲ್ಲಿಯೂ ಈ ಭವಿಷ್ಯವಾಣಿ ಅಡಗಿದೆ. ಅಂಥ ಭವಿಷ್ಯವನ್ನು ಹೇಳಬಲ್ಲವರು ಯಾರೆಂದು ಕೇಳಿಕೊಂಡಾಗಲೇ ರಬ್ಬಿಗಳ ಕೈ ಕಲ್ಲನ್ನು ಕೆಳಗಿಟ್ಟಿರಬೇಕು.

5. ಖಡ್ಗವೂ ದೇವಸ್ವರೂಪವೂ

ಸ್ಕಾಲಿಯಾ ಅವರು ಭಿನ್ನಮತದಲ್ಲಿ ನ್ಯಾಯಾಧೀಶರಾಗಿ ಮಾತ್ರ ಬರೆದರು. ಅದಕ್ಕೆ ಮೊದಲು, 2002ರಲ್ಲಿ ‘ಫಸ್ಟ್ ಥಿಂಗ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಲೇಖನದಲ್ಲಿ ಅವರು ಕ್ರೈಸ್ತ ವಿಶ್ವಾಸಿಯಾಗಿ ಬರೆದಿದ್ದರು. ರೋಮಾಪುರದವರಿಗೆ 13ರ ಆಧಾರದಿಂದ, ರಾಜ್ಯವು ದೇವರ ಸೇವಕನಾಗಿ ಖಡ್ಗವನ್ನು ಹಿಡಿದಿದೆ, ವ್ಯಕ್ತಿಗೆ ಸಲ್ಲದ ಪ್ರತಿದಂಡನೆಯು ರಾಜ್ಯಕ್ಕೆ ಸಲ್ಲುತ್ತದೆ ಎಂಬುದು ಅವರ ವಾದ. ನಿತ್ಯಜೀವವನ್ನು ನಂಬುವವನಿಗೆ ಮರಣವು ಅಷ್ಟು ದೊಡ್ಡದಲ್ಲ ಎಂದೂ ಅವರು ಸೂಚಿಸಿದರು. ಈ ವಾದವನ್ನು ನಮ್ಮ ಅನೇಕ ವಿಶ್ವಾಸಿಗಳು ಅವರ ಹೆಸರು ಕೇಳದೆಯೇ ಹೇಳುತ್ತಾರೆ. ಆದುದರಿಂದ ಇದಕ್ಕೆ ಉತ್ತರ ಕೊಡುವುದು ಅಗತ್ಯ.

ಪೌಲನು ರಾಜ್ಯಕ್ಕೆ ಖಡ್ಗವಿದೆ ಎನ್ನುತ್ತಾನೆ. ಅದನ್ನು ಯಾರ ಮೇಲೆ, ಯಾವ ವಯಸ್ಸಿನಿಂದ ಬೀಸಬೇಕು ಎನ್ನುವುದಿಲ್ಲ. ಅಧಿಕಾರವಿದೆ ಎಂಬುದರಿಂದ ಮಿತಿಯಿಲ್ಲ ಎಂಬುದು ಸಿದ್ಧವಾಗದು. ಆದಿಕಾಂಡ 9:6 ರಕ್ತಕ್ಕೆ ರಕ್ತವನ್ನು ಕೇಳುತ್ತದೆ. ಆದರೆ ಅರಣ್ಯಕಾಂಡ 35 ಅದೇ ನಿಯಮದ ಸುತ್ತ ಆಶ್ರಯನಗರಗಳನ್ನು ನಿಲ್ಲಿಸುತ್ತದೆ. ಅದಕ್ಕೂ ಮೊದಲು ಪ್ರಥಮ ಕೊಲೆಗಾರನಾದ ಕಾಯಿನನನ್ನು ಯಾರೂ ಕೊಲ್ಲದಂತೆ ದೇವರೇ ಗುರುತಿಟ್ಟನು (ಆದಿಕಾಂಡ 4:15). ಇದಲ್ಲದೆ 9:6ರ ಕಾರಣವಾಕ್ಯವು ದೇವಸ್ವರೂಪವನ್ನು ಹೆಸರಿಸುತ್ತದೆ. ಸತ್ತವನ ಜೀವಕ್ಕೆ ಬೆಲೆ ಕೊಟ್ಟ ಆ ಸ್ವರೂಪವು ಕೊಂದವನಲ್ಲಿ ಅಳಿದುಹೋಗಿದೆ ಎಂದು ಯಾವ ವಾಕ್ಯವೂ ಹೇಳುವುದಿಲ್ಲ. ನಿತ್ಯಜೀವದ ನಿರೀಕ್ಷೆಯಾದರೋ ಸ್ಕಾಲಿಯಾ ಅವರಿಗೆ ವಿರೋಧವಾಗಿಯೇ ನಿಲ್ಲುತ್ತದೆ. ದುಷ್ಟನ ಸಾವಿನಲ್ಲಿ ದೇವರಿಗೆ ಸಂತೋಷವಿಲ್ಲ, ಅವನು ತಿರುಗಿಕೊಂಡು ಬದುಕುವುದರಲ್ಲಿಯೇ ಸಂತೋಷ ಎಂದು ಯೆಹೆಜ್ಕೇಲನು (33:11) ಸಾರುವಾಗ, ತಿರುಗಿಕೊಳ್ಳಲು ಕಾಲವು ಬೇಕು ಎಂಬುದು ಅದರಲ್ಲಿಯೇ ಅಡಕವಾಗಿದೆ. ಆ ಕಾಲವನ್ನು ಹದಿನೇಳರವನಿಂದ ಕಿತ್ತುಕೊಳ್ಳುವ ಖಡ್ಗವು ಯಾರ ಸೇವೆ ಮಾಡುತ್ತದೆ?

ಖಡ್ಗ ಹಿಡಿದ ಕೈ ಎಷ್ಟು ತಪ್ಪಬಲ್ಲದು ಎಂಬುದಕ್ಕೆ ಜಾರ್ಜ್ ಸ್ಟಿನ್ನಿಯ ಪ್ರಕರಣವು ಸಾಕ್ಷಿಯಾಗಿದೆ. 1944ರಲ್ಲಿ ದಕ್ಷಿಣ ಕ್ಯಾರೊಲಿನಾದಲ್ಲಿ 14 ವರ್ಷದ ಈ ಕಪ್ಪು ಹುಡುಗನ ವಿಚಾರಣೆ ಒಂದೇ ದಿನದಲ್ಲಿ ಮುಗಿಯಿತು. ಬಿಳಿಯರೇ ತುಂಬಿದ್ದ ಜ್ಯೂರಿ ಕೆಲವೇ ನಿಮಿಷಗಳಲ್ಲಿ ತೀರ್ಪು ಕೊಟ್ಟಿತು. ಅವನನ್ನು ವಿದ್ಯುತ್ ಕುರ್ಚಿಯಲ್ಲಿ ಕೊಲ್ಲಲಾಯಿತು. 2014ರಲ್ಲಿ ನ್ಯಾಯಾಲಯವು ಆ ಅಪರಾಧನಿರ್ಣಯವನ್ನು ರದ್ದುಗೊಳಿಸಿತು. ಎಪ್ಪತ್ತು ವರ್ಷಗಳ ನಂತರದ ನ್ಯಾಯವು ಅವನ ಹೆಸರಿಗೆ ಸಂದಿತು, ಅವನಿಗಲ್ಲ.

6. ತೀರ್ಪಿನ ಕೊರತೆ

ರೋಪರ್ ತೀರ್ಪಿನ ದೊಡ್ಡ ಕೊರತೆಯೆಂದರೆ ತನ್ನ ಬಲವಾದ ವಾದವನ್ನು ಅದು ಕೊನೆಯ ವರೆಗೆ ಒಯ್ಯಲಿಲ್ಲ. ಬಿಡುಗಡೆಯ ಅವಕಾಶವಿಲ್ಲದ ಜೀವಾವಧಿ ಸೆರೆವಾಸವೂ ಕಠಿಣವಾದ ಶಿಕ್ಷೆಯೇ ಎಂದು ಅದು ಸಮಾಧಾನ ಹೇಳಿತು. ತಿದ್ದಲಾಗದವನನ್ನು ಗುರುತಿಸಲು ಯಾರಿಗೂ ಸಾಧ್ಯವಿಲ್ಲವಾದರೆ, ಇವನು ಎಂದಿಗೂ ಹೊರಬರಬಾರದು ಎಂದು ಹದಿನೇಳರಲ್ಲಿಯೇ ನಿರ್ಣಯಿಸುವುದು ಹೇಗೆ? ಸೆರೆಯಲ್ಲಿ ಪಶ್ಚಾತ್ತಾಪಕ್ಕೆ ಕಾಲವಿದೆ. ಆದರೆ ಅದನ್ನು ಯಾರೂ ಮುಂದೆಂದೂ ವಿಚಾರಿಸುವುದಿಲ್ಲ. 2012ರ ಮಿಲ್ಲರ್ ತೀರ್ಪು ಇಂಥ ಸೆರೆವಾಸವನ್ನು ಬಾಲಾಪರಾಧಿಗಳಿಗೆ ಕಡ್ಡಾಯವಾಗಿ ವಿಧಿಸುವುದನ್ನು ತಡೆಯಿತು. 2021ರ ಜೋನ್ಸ್ ತೀರ್ಪು, ಅದನ್ನು ವಿಧಿಸುವ ನ್ಯಾಯಾಧೀಶನು ಆ ಹುಡುಗನು ತಿದ್ದಲಾಗದವನೆಂದು ಪ್ರತ್ಯೇಕವಾಗಿ ನಿರ್ಣಯಿಸಬೇಕಾಗಿಲ್ಲ ಎಂದಿತು. ಅಪಕ್ವತೆಯ ವಾದವನ್ನು ಚೌಕಾಸಿ ಮಾಡಿ ಶಿಕ್ಷೆಯನ್ನು ಒಂದು ಮೆಟ್ಟಿಲು ಇಳಿಸಬಹುದು. ಹಣಜಿಯ ಸಾಮ್ಯವಾದರೋ ಚೌಕಾಸಿಗೆ ಒಳಪಡುವುದಿಲ್ಲ.

ಸತ್ತವಳ ಮನೆಯವರಿಗೆ ಇದೆಲ್ಲವೂ ತಣ್ಣನೆಯ ಮಾತಾಗಿ ಕೇಳಿಸಬಹುದು. ಹೇಬೆಲನ ರಕ್ತವು ನೆಲದಿಂದ ಕೂಗುತ್ತದೆ, ದೇವರು ಅದನ್ನು ಕೇಳುತ್ತಾನೆ. ಕಾಯಿನನಿಗೆ ಗುರುತಿಟ್ಟ ದೇವರು ಮೊದಲು ಆ ಕೂಗನ್ನು ಕೇಳಿದನೆಂಬುದನ್ನು ಮರೆತ ಸಭೆಯು ಕರುಣೆಯ ಕುರಿತು ಮಾತಾಡಲು ಹಕ್ಕುಳ್ಳದ್ದಲ್ಲ. ದುಃಖಿತರ ಮನೆಗೆ ಮೊದಲು ಹೋಗದ ಸಭಾಪಾಲಕನು ಸೆರೆಮನೆಗೆ ಹೋಗಿ ಪ್ರಯೋಜನವಿಲ್ಲ.

7. ನಮ್ಮ ದೇಶದ ಸಂದರ್ಭ

ಭಾರತದಲ್ಲಿ 2015ರ ಬಾಲನ್ಯಾಯ ಕಾಯ್ದೆಯ 21ನೆಯ ಕಲಮು ಬಾಲಾಪರಾಧಿಗೆ ಮರಣದಂಡನೆಯನ್ನಾಗಲಿ ಬಿಡುಗಡೆಯ ಅವಕಾಶವಿಲ್ಲದ ಜೀವಾವಧಿಯನ್ನಾಗಲಿ ವಿಧಿಸಬಾರದೆಂದು ಹೇಳುತ್ತದೆ. ಈ ಎರಡನೆಯ ಮಾತಿನಲ್ಲಿ ನಮ್ಮ ಕಾನೂನು ರೋಪರ್ ತೀರ್ಪಿಗಿಂತ ಮುಂದಿದೆ. ಆದರೆ ಅದೇ ಕಾಯ್ದೆಯು, 2012ರ ದೆಹಲಿಯ ಘೋರ ಕೃತ್ಯದಲ್ಲಿ ಒಬ್ಬ ಅಪರಾಧಿ ಅಪ್ರಾಪ್ತನಾಗಿದ್ದು ಮೂರು ವರ್ಷಗಳ ನಂತರ ಬಿಡುಗಡೆಯಾದಾಗ ಎದ್ದ ಆಕ್ರೋಶದ ನಡುವೆ ಅಂಗೀಕಾರವಾಯಿತು. 16ರಿಂದ 18ರ ವಯಸ್ಸಿನವರು ಹೀನ ಅಪರಾಧ ಮಾಡಿದ್ದರೆ ಅವರ ಮಾನಸಿಕ ಸಾಮರ್ಥ್ಯವನ್ನು ಪರಿಶೀಲಿಸಿ, ವಯಸ್ಕರಂತೆ ವಿಚಾರಿಸಲು ಅದು ದಾರಿ ತೆರೆಯಿತು. ಓಕಾನರ್ ಅವರ ತಕ್ಕಡಿ ಹೀಗೆ ನಮ್ಮಲ್ಲಿಯೂ ಬಂದಿದೆ. ಗಲ್ಲಿನ ಮುಂದೆ ಗೆರೆ ಇನ್ನೂ ನಿಂತಿದೆ. ಮುಂದಿನ ಆಕ್ರೋಶದಲ್ಲಿ ಅದೂ ಅಲುಗಬಹುದು.

ಗೆರೆ ಇದ್ದೂ ಕೈ ತಪ್ಪುತ್ತದೆ. 2023ರ ಮಾರ್ಚ್‌ನಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು, 1994ರ ಕೊಲೆಗಳಿಗಾಗಿ ಮರಣದಂಡನೆಗೆ ಗುರಿಯಾಗಿ ಸುಮಾರು 28 ವರ್ಷ ಸೆರೆಯಲ್ಲಿದ್ದ ಒಬ್ಬನನ್ನು ಬಿಡುಗಡೆ ಮಾಡಿತು. ವಯಸ್ಕನೆಂದು ಎಲ್ಲ ಹಂತಗಳಲ್ಲಿಯೂ ಎಣಿಸಲ್ಪಟ್ಟಿದ್ದ ಅವನಿಗೆ ಕೃತ್ಯ ನಡೆದಾಗ ಹನ್ನೆರಡೂವರೆ ವರ್ಷವೆಂದು ಶಾಲಾ ದಾಖಲೆಯಿಂದ ಸಾಬೀತಾಯಿತು. ಬಡವನ ಹುಟ್ಟಿದ ತಾರೀಖನ್ನು ಹುಡುಕುವವರು ಯಾರು? ನಮ್ಮ ಸಭೆಗಳಲ್ಲಿ ದೀಕ್ಷಾಸ್ನಾನದ ದಾಖಲೆಪುಸ್ತಕಗಳಿವೆ, ಅನೇಕ ಸಭೆಗಳ ಆಡಳಿತದಲ್ಲಿ ಶಾಲೆಗಳಿವೆ. ಅವುಗಳನ್ನು ಜೋಪಾನವಾಗಿ ಇಡುವುದೂ, ಕೇಳಿದಾಗ ತೆರೆದು ಕೊಡುವುದೂ ಒಂದು ಜೀವವನ್ನು ಉಳಿಸುವ ಸೇವೆಯಾಗಬಹುದು.

ಮುಂದೆ ಒಂದು ದಿನ, ಇನ್ನೊಂದು ಘೋರ ಕೃತ್ಯದ ನಂತರದ ಭಾನುವಾರ, ಹುಡುಗನನ್ನು ಗಲ್ಲಿಗೇರಿಸಬೇಕೆಂಬ ಕೂಗು ನಮ್ಮ ಆಲಯಗಳ ಒಳಗೂ ಕೇಳಿಬರುವುದು. ಆಗ ಪೀಠದಿಂದ ಅವನು ಮಗುವೆಂದೂ ನಿರ್ದೋಷಿಯೆಂದೂ ಹೇಳಬೇಡಿರಿ. ಸಭೆಯು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಅವನು ಮಾಡಿದ್ದು ಪಾಪವೆಂದು ಒಪ್ಪಿಕೊಂಡು, ಸತ್ತವರಿಗಾಗಿ ದುಃಖಪಟ್ಟು, ಕೊಯ್ಯುವ ಕೆಲಸವು ನಮಗೆ ವಹಿಸಲ್ಪಟ್ಟಿಲ್ಲ ಎಂಬುದನ್ನು ಹೇಳಿರಿ.